ಹಳೆಯ ಮಿಯಾಟಾದ ಐಡಲ್ ಏರಿ ಇಳಿಯುತ್ತಿದ್ದರೆ: ಪದೇ ಪದೇ ಕೇಳುವ ಪ್ರಶ್ನೆಗಳು

ಇದು ಯಾವ ಕಾರಿನ ಬಗ್ಗೆ?

ಮೊದಲ ತಲೆಮಾರಿನ ಮಾಜ್ಡಾ ಎಂಎಕ್ಸ್-5 ಬಗ್ಗೆ. ಅಮೆರಿಕದಲ್ಲಿ ಇದರ ಹೆಸರು ಮಿಯಾಟಾ, ಜಪಾನಿನಲ್ಲಿ ಯುನೋಸ್ ರೋಡ್‌ಸ್ಟರ್. 1989ರಲ್ಲಿ ಶಿಕಾಗೊ ಆಟೊ ಶೋನಲ್ಲಿ ಮೊದಲು ಕಾಣಿಸಿಕೊಂಡಿತು. ತಯಾರಾಗಿದ್ದು ಹಿರೋಶಿಮಾದಲ್ಲಿ. ಎರಡೇ ಸೀಟು, ಎತ್ತಿ ಮಡಚುವ ಮೇಲ್ಛಾವಣಿ, ಮುಂದೆ ಎಂಜಿನ್, ಹಿಂದಿನ ಚಕ್ರಕ್ಕೆ ಶಕ್ತಿ. ನಮ್ಮೂರಲ್ಲಿ ಮಾಜ್ಡಾ ಅಂದ್ರೆ ಜನರಿಗೆ ನೆನಪಾಗೋದು ಸ್ವರಾಜ್ ಮಾಜ್ಡಾ ವ್ಯಾನೇ. ಆದರೆ ಅಮೆರಿಕಕ್ಕೆ ಹೋದ ಕನ್ನಡಿಗರಲ್ಲಿ ಕಾರಿನ ಹುಚ್ಚಿರುವವರಿಗೆ ಕೈಗೆಟುಕುವ ಸ್ಪೋರ್ಟ್ಸ್ ಕಾರು ಅಂದ್ರೆ ಇದು. ಗ್ಯಾರೇಜಿನಲ್ಲಿ ನಿಲ್ಲಿಸಿಕೊಂಡು ನಾವೇ ಬಿಚ್ಚಿ ಜೋಡಿಸಬಹುದು.

ಇಲ್ಲಿ ಹೇಳೋದೆಲ್ಲ ಹೆಚ್ಚಾಗಿ 1.6 ಲೀಟರ್, ಮ್ಯಾನುವಲ್ ಗೇರಿನ ಕಾರಿಗೆ. ಅಮೆರಿಕದಲ್ಲಿ 1990ರಿಂದ 1993ರವರೆಗಿನ ಮಾಡೆಲ್‌ಗಳು. 1994ರ ಮಾಡೆಲ್‌ನಿಂದ 1.8 ಬಂತು. ಅದರಲ್ಲಿ ಕೆಲವು ಭಾಗ ಬೇರೆ, ಆದರೆ ಯೋಚಿಸುವ ದಾರಿ ಒಂದೇ.

ಐಡಲ್ ಎಷ್ಟಿರಬೇಕು?

ಐಡಲ್ ಅಂದ್ರೆ ಆಕ್ಸಿಲರೇಟರ್ ತುಳಿಯದೆ ಇರುವಾಗ ಎಂಜಿನ್ ತಿರುಗುವ ವೇಗ. ಎಂಜಿನ್ ಪೂರ್ತಿ ಬಿಸಿಯಾದ ಮೇಲೆ 850 ಆರ್‌ಪಿಎಂ, ಅಂದ್ರೆ ನಿಮಿಷಕ್ಕೆ 850 ಸುತ್ತು. 50 ಹೆಚ್ಚು ಕಡಿಮೆ ಆದರೆ ಪರವಾಗಿಲ್ಲ. ಬೆಳಗ್ಗೆ ತಣ್ಣಗಿರುವಾಗ ಸ್ಟಾರ್ಟ್ ಮಾಡಿದ್ರೆ 1500ರ ಆಸುಪಾಸಿನಲ್ಲಿ ನಿಂತು, ಬಿಸಿಯಾದಂತೆಲ್ಲ ನಿಧಾನಕ್ಕೆ ಇಳಿಯಬೇಕು. ಅದು ದೋಷ ಅಲ್ಲ, ಹಾಗೆಯೇ ಮಾಡಿರೋದು. ಟೆಂಪರೇಚರ್ ಮುಳ್ಳು ಮಧ್ಯಕ್ಕೆ ಬಂದು ಹತ್ತು ನಿಮಿಷ ಓಡಿಸಿದ ಮೇಲೂ 1300, 1500, 1800 ತೋರಿಸ್ತಿದ್ರೆ ಮಾತ್ರ ತಲೆ ಕೆಡಿಸಿಕೊಳ್ಳಿ.

ಐಡಲ್ ಜಾಸ್ತಿಯಾಗೋದು ಯಾಕೆ?

ಗಾಳಿ ಜಾಸ್ತಿ ಒಳಗೆ ಹೋಗ್ತಿದೆ, ಅದಕ್ಕೆ. ಪೆಟ್ರೋಲ್ ಎಂಜಿನ್ನಿನ ವೇಗ ಹಿಡಿತದಲ್ಲಿ ಇರೋದೇ ಗಾಳಿಯಿಂದ. ಪೆಟ್ರೋಲ್ ಜಾಸ್ತಿ ಸುರಿದರೆ ಹೊಗೆ ಬರುತ್ತೆ, ವಾಸನೆ ಬರುತ್ತೆ, ಆದರೆ ಐಡಲ್ 1800ಕ್ಕೆ ಏರಲ್ಲ. ಟೈಮಿಂಗ್, ಅಂದ್ರೆ ಪ್ಲಗ್ ಕಿಡಿ ಹಾರಿಸುವ ಹೊತ್ತು, ಮುಂದೆ ಹೋಗಿದ್ರೂ ಸ್ವಲ್ಪ ಏರುತ್ತೆ, ಅದನ್ನು ಮುಂದೆ ಹೇಳ್ತೀನಿ. ಉಳಿದ ಬಹುಪಾಲು ಕೇಸುಗಳಲ್ಲಿ ಪ್ರಶ್ನೆ ಒಂದೇ: ಈ ಗಾಳಿ ಎಲ್ಲಿಂದ ಬರ್ತಿದೆ?

ದಾರಿಗಳು ಹೆಚ್ಚಿಲ್ಲ. ಥ್ರಾಟಲ್ ಬಾಡಿಯ ಚಿಟ್ಟೆ, ಅಂದ್ರೆ ಆಕ್ಸಿಲರೇಟರ್ ತುಳಿದಾಗ ತೆರೆಯುವ ತಟ್ಟೆ, ಪೂರ್ತಿ ಮುಚ್ಚದೇ ಇರಬಹುದು. ಅದರ ಪಕ್ಕದಿಂದ ಸುತ್ತಿ ಹೋಗುವ ಐಡಲ್ ದಾರಿ ಅಗತ್ಯಕ್ಕಿಂತ ಹೆಚ್ಚು ತೆರೆದಿರಬಹುದು. ಇಲ್ಲಾಂದ್ರೆ ಎಲ್ಲೋ ಹೋಸ್ ಒಡೆದು, ಗ್ಯಾಸ್ಕೆಟ್ ಹೋಗಿ ಕಳ್ಳಗಾಳಿ ನುಗ್ಗುತ್ತಿರಬಹುದು.

ಎಂಜಿನ್ ಸದ್ದೇ ಸ್ವಲ್ಪ ಸುಳಿವು ಕೊಡುತ್ತೆ. 1.6ರಲ್ಲಿ ಗಾಳಿಯನ್ನು ಅಳೆಯೋದು ಏರ್ ಫ್ಲೋ ಮೀಟರ್ ಒಳಗಿನ ಒಂದು ಬಾಗಿಲು. ಗಾಳಿ ಆ ಬಾಗಿಲನ್ನು ತಳ್ಳಿಕೊಂಡು ಬಂದಿದ್ರೆ ಇಸಿಯುಗೆ, ಅಂದ್ರೆ ಎಂಜಿನ್ ನಡೆಸುವ ಕಂಪ್ಯೂಟರಿಗೆ, ಲೆಕ್ಕ ಗೊತ್ತಿರುತ್ತೆ, ಅದಕ್ಕೆ ತಕ್ಕ ಪೆಟ್ರೋಲ್ ಕೊಡುತ್ತೆ. ಆಗ ಐಡಲ್ ಜಾಸ್ತಿ ಇದ್ರೂ ನಯವಾಗಿರುತ್ತೆ. ಅಂಥಾ ಕಡೆ ಚಿಟ್ಟೆ, ಐಡಲ್ ವಾಲ್ವ್, ಸ್ಕ್ರೂಗಳನ್ನು ನೋಡಿ. ಐಡಲ್ ಜಾಸ್ತಿ ಇದ್ದು ಜೊತೆಗೆ ನಡುಗುತ್ತಾ, ಮಧ್ಯೆ ಮಧ್ಯೆ ಮುಗ್ಗರಿಸ್ತಿದ್ರೆ ಲೆಕ್ಕಕ್ಕೆ ಸಿಗದ ಗಾಳಿ ಬರ್ತಿದೆ. ಅಂದ್ರೆ ಮೀಟರಿನ ಆಚೆ ಎಲ್ಲೋ ಲೀಕ್. ಇದು ಪಕ್ಕಾ ನಿಯಮ ಅಲ್ಲ. ಆದರೂ ಮೊದಲು ಯಾವ ಕಡೆ ಕೈ ಹಾಕಬೇಕು ಅಂತ ತಿಳಿಯೋಕೆ ಸಾಕು.

ನನ್ನ ಕಾರಲ್ಲಿ ಆರ್‌ಪಿಎಂ ಮುಳ್ಳು ಒಂದೇ ಕಡೆ ನಿಲ್ಲಲ್ಲ. 1000ಕ್ಕೆ ಇಳಿಯುತ್ತೆ, ಮತ್ತೆ 1800ಕ್ಕೆ ಹಾರುತ್ತೆ. ಇದು ಬೇರೆ ರೋಗವಾ?

ಬೇರೆ ಅಲ್ಲ, ಅದೇ ರೋಗ. ಜಾಸ್ತಿ ಗಾಳಿ ಹೋಗ್ತಿದೆ, ಅದಕ್ಕೆ ಇಸಿಯು ತನ್ನ ಕೆಲಸ ಮಾಡ್ತಿದೆ.

ನೀವು ಇಳಿಜಾರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಬಿಟ್ಟಾಗ ಪೆಟ್ರೋಲ್ ಸುಮ್ನೆ ವ್ಯರ್ಥ ಆಗಬಾರದು ಅಂತ ಇಸಿಯು ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರುಗಳನ್ನೇ ನಿಲ್ಲಿಸುತ್ತೆ. ಹಾಗೆ ಮಾಡೋಕೆ ಅದು ಎರಡು ವಿಷಯ ನೋಡುತ್ತೆ. ಥ್ರಾಟಲ್ ಮುಚ್ಚಿದೆಯಾ? ಆರ್‌ಪಿಎಂ ಒಂದು ಮಿತಿಗಿಂತ ಮೇಲಿದೆಯಾ? ಎರಡೂ ಹೌದು ಅಂದ್ರೆ ಪೆಟ್ರೋಲ್ ಕಟ್.

ಈಗ ಕಾರು ನಿಂತಿದೆ, ಕಾಲು ಆಕ್ಸಿಲರೇಟರ್ ಮೇಲಿಲ್ಲ. ಕಳ್ಳಗಾಳಿಯಿಂದ ಆರ್‌ಪಿಎಂ ಏರುತ್ತಾ ಹೋಗಿ ಆ ಮಿತಿ ದಾಟುತ್ತೆ. ಇಸಿಯು ಇಳಿಜಾರು ಅಂದುಕೊಂಡು ಪೆಟ್ರೋಲ್ ನಿಲ್ಲಿಸುತ್ತೆ. ಆರ್‌ಪಿಎಂ ಕುಸಿಯುತ್ತೆ. ಎಂಜಿನ್ ಆಫ್ ಆಗಬಾರದು ಅಂತ ಮತ್ತೆ ಪೆಟ್ರೋಲ್ ಬಿಡುತ್ತೆ. ಮತ್ತೆ ಏರುತ್ತೆ, ಮತ್ತೆ ಕಟ್. ವೂಂ, ವೂಂ, ವೂಂ ಅಂತ ತಾಳ ತಪ್ಪದೆ ನಡೀತಾ ಇರುತ್ತೆ.

ಇದರಿಂದ ಒಂದು ಲಾಭ ಇದೆ. ಮುಳ್ಳು ಹೀಗೆ ಕುಣೀತಿದೆ ಅಂದ್ರೆ ಥ್ರಾಟಲ್ ಮುಚ್ಚಿದೆ ಅಂತ ಹೇಳುವ ಸ್ವಿಚ್ ಸರಿಯಾಗಿದೆ ಅಂತ ಅರ್ಥ. ಪರೀಕ್ಷೆ ಮಾಡಬೇಕಾ? ಆ ಸ್ವಿಚ್ಚೇ ಥ್ರಾಟಲ್ ಪೊಸಿಷನ್ ಸೆನ್ಸರ್, ಅದರ ಕನೆಕ್ಟರ್ ಕಿತ್ತು ನೋಡಿ. ಕುಣಿತ ನಿಂತು ಐಡಲ್ ಮೇಲೆಯೇ ಸ್ಥಿರವಾಗಿ ನಿಂತರೆ ನಾನು ಹೇಳಿದ್ದೇ ನಡೀತಿದೆ. ಸೆನ್ಸರ್ ಹೊಸದು ಹಾಕಿಸೋಕೆ ಹೋಗಬೇಡಿ. ಗಾಳಿ ಹುಡುಕಿ.

ಸ್ಕ್ರೂ ತಿರುಗಿಸಿ ಇಳಿಸಿಬಿಡಬಹುದಲ್ವಾ?

ದಯವಿಟ್ಟು ಬೇಡ. ಈ ಕಾರುಗಳ ಐಡಲ್ ಹಾಳಾಗಿರೋದರಲ್ಲಿ ಅರ್ಧ ಪಾಲು ಹಿಂದಿನ ಮಾಲೀಕರು ತಿರುಗಿಸಿದ ಸ್ಕ್ರೂಗಳದ್ದೇ ಅಂತ ನನ್ನ ಅಭಿಪ್ರಾಯ.

ಥ್ರಾಟಲ್ ಬಾಡಿಯಲ್ಲಿ ಎರಡು ಸ್ಕ್ರೂ ಇವೆ. ಒಂದು ಏರ್ ಸ್ಕ್ರೂ. ಮೇಲ್ಗಡೆ ರಬ್ಬರ್ ಮುಚ್ಚಳದ ಕೆಳಗೆ ಇರುತ್ತೆ. ಐಡಲ್ ಹೊಂದಿಸೋಕೆ ಇರೋದು ಇದೇ. ಇನ್ನೊಂದು ಚಿಟ್ಟೆಯ ಸ್ಟಾಪ್ ಸ್ಕ್ರೂ. ಕೇಬಲ್ ಸುತ್ತುವ ಚಕ್ರದ ಲಿವರ್ ಬಂದು ತಾಗೋದು ಇದಕ್ಕೆ. ಇದನ್ನು ಕಾರ್ಖಾನೆಯಲ್ಲೇ ಹೊಂದಿಸಿ ಕಳಿಸಿರ್ತಾರೆ. ಮುಟ್ಟೋ ಹಾಗಿಲ್ಲ. ಇದನ್ನು ಒಳಗೆ ತಿರುಗಿಸಿದ್ರೆ ಚಿಟ್ಟೆ ಕೂದಲೆಳೆಯಷ್ಟು ತೆರೆದೇ ಉಳಿಯುತ್ತೆ. ಜೊತೆಗೆ ಮುಚ್ಚಿದ ಸ್ವಿಚ್ಚಿನ ಲೆಕ್ಕವೂ ತಪ್ಪುತ್ತೆ.

ಕೆಲವರು ಹೀಗೆ ಮಾಡ್ತಾರೆ: ಲೀಕಿನಿಂದ ಏರಿದ ಐಡಲನ್ನು ಏರ್ ಸ್ಕ್ರೂ ಪೂರ್ತಿ ಬಿಗಿದು ಇಳಿಸ್ತಾರೆ. ಸ್ವಲ್ಪ ದಿನ ಚೆನ್ನಾಗಿರುತ್ತೆ. ಲೀಕ್ ದೊಡ್ಡದಾಗುತ್ತೆ, ಐಡಲ್ ಮತ್ತೆ ಏರುತ್ತೆ, ಈ ಸಲ ಬಿಗಿಯೋಕೆ ಸ್ಕ್ರೂನಲ್ಲಿ ಜಾಗವೇ ಇರಲ್ಲ. ನಿಮ್ಮ ಏರ್ ಸ್ಕ್ರೂ ಈಗಾಗಲೇ ತಳ ಮುಟ್ಟಿದ್ರೆ ಅದೇ ಒಂದು ಸಾಕ್ಷಿ. ಬೇರೆ ಕಡೆಯಿಂದ ಗಾಳಿ ಬರ್ತಾನೇ ಇದೆ.

ಸರಿ, ಎಲ್ಲಿಂದ ಶುರು ಮಾಡಲಿ?

ಕೇಬಲ್ಲಿನಿಂದ. ಎಂಜಿನ್ ಆಫ್ ಇರುವಾಗ ಬಾನೆಟ್ ತೆಗೆದು ಆಕ್ಸಿಲರೇಟರ್ ಕೇಬಲನ್ನು ಬೆರಳಲ್ಲಿ ಅಲುಗಾಡಿಸಿ. ಒಂದೆರಡು ಮಿಲಿಮೀಟರ್ ಸಡಿಲ ಇರಬೇಕು. ತಂತಿ ಬಿಗಿಯಾಗಿದ್ರೆ ಅದೇ ಚಿಟ್ಟೆಯನ್ನು ಎಳೆದು ಹಿಡಿದಿದೆ. ಕ್ರೂಸ್ ಕಂಟ್ರೋಲ್ ಇರುವ ಕಾರಿನಲ್ಲಿ ಅದಕ್ಕೂ ಬೇರೆ ಕೇಬಲ್ ಇದೆ, ಅದನ್ನೂ ನೋಡಿ. ಪೆಡಲ್ ಕೆಳಗೆ ಮ್ಯಾಟ್ ಸಿಕ್ಕಿಕೊಂಡಿದೆಯಾ ನೋಡಿ.

ಆಮೇಲೆ ಕೈಯಲ್ಲೇ ಥ್ರಾಟಲ್ ತೆರೆದು ಬಿಡಿ. ಟಕ್ ಅಂತ ಲೋಹಕ್ಕೆ ಲೋಹ ಬಡಿದ ಸದ್ದು ಬರಬೇಕು. ಮೆತ್ತಗೆ ಬಂದು ನಿಂತರೆ ಒಳಗೆ ಮಸಿ ಕಟ್ಟಿದೆ ಅಥವಾ ಕೇಬಲ್ ತುಕ್ಕು ಹಿಡಿದಿದೆ. ಆಕ್ಸಿಲರೇಟರನ್ನು ಒಮ್ಮೆ ಜೋರಾಗಿ ಒದ್ದು ಬಿಟ್ಟಾಗ ಐಡಲ್ ಇಳೀತಿದ್ರೆ ಕಾರಣ ಇಲ್ಲೇ ಇದೆ. ಒರೆಸುವಾಗ ಬಟ್ಟೆಗೆ ಥ್ರಾಟಲ್ ಕ್ಲೀನರ್ ಹಾಕಿ ಮೆಲ್ಲಗೆ ಒರೆಸಿ. ಚಿಟ್ಟೆಯ ಅಂಚಿನಲ್ಲಿ ಗಾಳಿ ಸೋರದಂತೆ ಕಂಪನಿಯವರೇ ತೆಳುವಾದ ಲೇಪ ಹಚ್ಚಿರ್ತಾರೆ. ಅದನ್ನು ಮಸಿ ಅಂದುಕೊಂಡು ಕೆರೆದು ತೆಗೆಯಬೇಡಿ.

ಲೀಕ್ ಹುಡುಕೋದು ಹೇಗೆ?

ದುಡ್ಡು ಖರ್ಚಾಗದ ದಾರಿ: ಇಕ್ಕಳ ಮತ್ತು ಒಂದು ಚಿಂದಿ ಬಟ್ಟೆ. ಎಂಜಿನ್ ಬಿಸಿಯಾಗಿ ಐಡಲ್‌ನಲ್ಲಿ ಓಡ್ತಿರಲಿ. ಸಿಲಿಂಡರುಗಳಿಗೆ ಗಾಳಿ ಹಂಚುವ ಇನ್‌ಟೇಕ್ ಮ್ಯಾನಿಫೋಲ್ಡಿನಿಂದ ಹೊರಡುವ ಒಂದೊಂದೇ ರಬ್ಬರ್ ಹೋಸನ್ನು ಬಟ್ಟೆ ಸುತ್ತಿ ಇಕ್ಕಳದಲ್ಲಿ ಒತ್ತಿ ಹಿಡಿಯಿರಿ. ಯಾವುದನ್ನು ಒತ್ತಿದಾಗ ಐಡಲ್ ಥಟ್ಟನೆ ಇಳಿಯುತ್ತೋ ಆ ಹೋಸಿನ ಆಚೆ ತುದಿಯಲ್ಲಿ ಗಾಳಿ ನುಗ್ಗುತ್ತಿದೆ. ಹಳೆಯ ಹೋಸು ಗಟ್ಟಿಯಾಗಿದ್ರೆ ಒತ್ತಿದಲ್ಲೇ ಬಿರುಕು ಬಿಡುತ್ತೆ. ಹಾಗಾದ್ರೆ ಬೇಜಾರು ಬೇಡ, ಅದನ್ನು ಹೇಗೂ ಬದಲಾಯಿಸಬೇಕಿತ್ತು.

ಮೊದಲು ದಪ್ಪ ಹೋಸುಗಳು. ಬ್ರೇಕ್ ಒತ್ತುವ ಕಾಲಿಗೆ ಬಲ ಕೊಡುವ ಬೂಸ್ಟರಿಗೆ ಹೋಗೋದು ಅತಿ ಮುಖ್ಯ. ಒತ್ತಿದಾಗ ಐಡಲ್ ಇಳಿದರೆ ಬೂಸ್ಟರಿನ ಡಯಾಫ್ರಂ ಹರಿದಿರಬಹುದು, ಆಗ ಅದು ಐಡಲ್ ತೊಂದರೆ ಮಾತ್ರ ಅಲ್ಲ, ಬ್ರೇಕಿನ ತೊಂದರೆ. ಕಾರು ಅಲ್ಲೇ ನಿಲ್ಲಿಸಿ ಅದನ್ನು ಮೊದಲು ಸರಿ ಮಾಡಿಸಿ. ಇನ್ನೊಂದು ಪಿಸಿವಿ ವಾಲ್ವಿನ, ಅಂದ್ರೆ ಎಂಜಿನ್ ಒಳಗಿನ ಆವಿಯನ್ನು ಮತ್ತೆ ಇನ್‌ಟೇಕಿಗೆ ಬಿಡುವ ವಾಲ್ವಿನ, ಹೋಸು. ವಾಲ್ವನ್ನು ಕಿತ್ತು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಟಕಟಕ ಅನ್ನಬೇಕು. ಅದು ಕೂರುವ ರಬ್ಬರ್ ಬುಷ್ ಮೂವತ್ತು ವರ್ಷದ ಬಿಸಿಗೆ ಬಿಸ್ಕತ್ತಿನ ಹಾಗೆ ಪುಡಿಯಾಗಿರುತ್ತೆ. ಬೆಲೆ ತೀರಾ ಕಡಿಮೆ, ಹೊಸದು ಹಾಕಿಬಿಡಿ. ಪೆಟ್ರೋಲ್ ಆವಿ ಎಳೆಯುವ ಪರ್ಜ್ ಸೊಲೆನಾಯ್ಡಿನ (ಕರೆಂಟಿನಿಂದ ತೆರೆದು ಮುಚ್ಚುವ ವಾಲ್ವಿನ) ಸಣ್ಣ ಹೋಸನ್ನೂ ಒತ್ತಿ ನೋಡಿ.

ಇಕ್ಕಳಕ್ಕೆ ಸಿಗದ ಜಾಗಗಳೂ ಇವೆ. ಏರ್ ಫ್ಲೋ ಮೀಟರಿನಿಂದ ಥ್ರಾಟಲ್ ಬಾಡಿಗೆ ಎಂಜಿನ್ನಿನ ಮುಂದೆ ಅಡ್ಡಡ್ಡ ಹೋಗುವ ದೊಡ್ಡ ಪೈಪ್ ಇದೆಯಲ್ಲ, ಅದರ ಸುಕ್ಕುಸುಕ್ಕಾದ ಭಾಗವನ್ನು ಬಿಡಿಸಿ ನೋಡಿ. ಬಿರುಕು ಮಡಿಕೆಯ ಒಳಗೆ ಅಡಗಿರುತ್ತೆ. ಆಯಿಲ್ ಹಾಕುವ ಮುಚ್ಚಳ, ಡಿಪ್‌ಸ್ಟಿಕ್ ಇವೂ ಗಾಳಿ ಬಿಡಬಾರದು. ಈ ಎಂಜಿನ್ನಿನಲ್ಲಿ ಅವುಗಳ ಮೂಲಕ ಬಂದ ಗಾಳಿಯೂ ಲೆಕ್ಕ ತಪ್ಪಿದ ಗಾಳಿಯೇ. ಬೇಕಾದ್ರೆ ಐಡಲ್‌ನಲ್ಲಿ ಆಯಿಲ್ ಮುಚ್ಚಳ ತೆಗೆದು ನೋಡಿ. ಚೆನ್ನಾಗಿರುವ ಎಂಜಿನ್ ತಕ್ಷಣ ಒದ್ದಾಡುತ್ತೆ. ತೆಗೆದರೂ ಏನೂ ಬದಲಾಗದಿದ್ರೆ ಈಗಾಗಲೇ ಬೇರೆಲ್ಲೋ ದೊಡ್ಡ ತೂತು ಇದೆ. ಕೊನೆಗೆ ಇಂಜೆಕ್ಟರುಗಳ ಬುಡದ ರಬ್ಬರ್ ಉಂಗುರ, ಮ್ಯಾನಿಫೋಲ್ಡ್ ಗ್ಯಾಸ್ಕೆಟ್.

ಕಾರ್ಬ್ ಕ್ಲೀನರ್ ಸ್ಪ್ರೇ ಹೊಡೆದು ಹುಡುಕ್ತಾರಲ್ಲ, ಅದು ಸರಿನಾ?

ಕೆಲಸ ಮಾಡುತ್ತೆ, ಬೆಂಕಿಯೂ ಹತ್ತಿಸುತ್ತೆ. ನನಗೆ ಅದು ಇಷ್ಟ ಇಲ್ಲ. ಬ್ರೇಕ್ ಕ್ಲೀನರ್ ಅಂತೂ ಬೇಡವೇ ಬೇಡ. ಕ್ಲೋರಿನ್ ಇರುವ ಬಗೆ ಬಿಸಿಗೆ ತಾಗಿದ್ರೆ ವಿಷದ ಗಾಳಿ ಆಗುತ್ತೆ. ಗಿಡಕ್ಕೆ ನೀರು ಚಿಮುಕಿಸುವ ಸ್ಪ್ರೇ ಬಾಟಲಿಯಲ್ಲಿ ನೀರು ತುಂಬಿ, ಗ್ಯಾಸ್ಕೆಟ್ ಸುತ್ತ ಸ್ವಲ್ಪ ಸ್ವಲ್ಪ ಹೊಡೆಯಿರಿ. ಲೀಕ್ ಇರುವ ಜಾಗದಲ್ಲಿ ಸದ್ದು ಬದಲಾಗುತ್ತೆ. ಇಗ್ನಿಷನ್ ವೈರುಗಳಿಗೆ ನೀರು ತಾಗಿಸಬೇಡಿ.

ಇದರಲ್ಲೂ ಸಿಗದಿದ್ರೆ ಸ್ಮೋಕ್ ಟೆಸ್ಟ್ ಮಾಡಿಸಿ. ಎಂಜಿನ್ ಆಫ್ ಮಾಡಿ ಇನ್‌ಟೇಕಿಗೆ ಕಡಿಮೆ ಒತ್ತಡದಲ್ಲಿ ಹೊಗೆ ಬಿಡ್ತಾರೆ. ಹೊಗೆ ಎಲ್ಲಿಂದ ಹೊರಗೆ ಬಂತೋ ಅಲ್ಲಿ ತೂತು. ಊಹೆ ಮಾಡಿ ಬಿಡಿಭಾಗ ಕೊಳ್ಳೋದಕ್ಕಿಂತ ಇದು ಎಷ್ಟೋ ಅಗ್ಗ.

ಲೀಕ್ ಎಲ್ಲೂ ಇಲ್ಲ. ಮುಂದೆ?

ಐಎಸ್‌ಸಿ ವಾಲ್ವ್, ಅಂದ್ರೆ ಐಡಲ್ ಸ್ಪೀಡ್ ಕಂಟ್ರೋಲ್ ವಾಲ್ವ್. ಥ್ರಾಟಲ್ ಬಾಡಿಯ ಹೊಟ್ಟೆಗೆ ಅಂಟಿಕೊಂಡಿರುತ್ತೆ. ಇದರಲ್ಲಿ ಎರಡು ಕೆಲಸಗಾರರು ಒಂದೇ ಮನೆಯಲ್ಲಿದ್ದಾರೆ. ಒಂದು ಇಸಿಯು ನಡೆಸುವ ಸೊಲೆನಾಯ್ಡ್. ಇನ್ನೊಂದು ಮೇಣದ ಗುಳಿಗೆ. ಕೂಲೆಂಟ್ ತಣ್ಣಗಿದ್ದಾಗ ಗಾಳಿಯ ದಾರಿ ತೆರೆದು, ಬಿಸಿಯಾದಂತೆ ಹಿಗ್ಗಿ ಮುಚ್ಚುತ್ತೆ. ಈ ಮೇಣಕ್ಕೆ ಇಸಿಯು ಮಾತು ಕೇಳಿಸಲ್ಲ, ಬಿಸಿ ಮಾತ್ರ ಗೊತ್ತು.

ಮೊದಲು ಐಎಸ್‌ಸಿ ಕನೆಕ್ಟರ್ ಕಿತ್ತು ನೋಡಿ. ಐಡಲ್ ಬದಲಾಗಬೇಕು. ಏನೂ ಆಗದಿದ್ರೆ ವಾಲ್ವ್ ಅಂಟಿಕೊಂಡಿದೆ ಅಥವಾ ಅದಕ್ಕೆ ಕರೆಂಟ್ ಬರ್ತಿಲ್ಲ. ಮಲ್ಟಿಮೀಟರಿನಲ್ಲಿ ಎರಡು ಪಿನ್ ಮಧ್ಯೆ ಸುಮಾರು 12 ಓಮ್ ಬರಬೇಕು.

ಇನ್ನೊಂದು ಪರೀಕ್ಷೆ ನನಗೆ ತುಂಬಾ ಇಷ್ಟ. ಎಂಜಿನ್ ಬಿಸಿ ಮಾಡಿ ಆಫ್ ಮಾಡಿ. ಥ್ರಾಟಲ್ ಬಾಡಿಗೆ ಬರುವ ದೊಡ್ಡ ಪೈಪ್ ಬಿಚ್ಚಿ. ಚಿಟ್ಟೆಯ ಮುಂದುಗಡೆ, ಗೋಡೆಯಲ್ಲಿ ಒಂದು ತೂತು ಕಾಣುತ್ತೆ. ಐಡಲ್ ಗಾಳಿ ಹೋಗೋದು ಅಲ್ಲಿಂದ. ಸುತ್ತ ಚೆನ್ನಾಗಿ ಒರೆಸಿ, ಅಗಲವಾದ ಡಕ್ಟ್ ಟೇಪ್ ತುಂಡನ್ನು ಅದರ ಮೇಲೆ ಗಟ್ಟಿಯಾಗಿ ಅಂಟಿಸಿ. ಪೈಪ್ ವಾಪಸ್ ಹಾಕಿ. ಆಕ್ಸಿಲರೇಟರ್ ಸ್ವಲ್ಪ ಒತ್ತಿ ಸ್ಟಾರ್ಟ್ ಮಾಡಿ, ಕಾಲು ತೆಗೆಯಿರಿ. ಎಂಜಿನ್ ಆಫ್ ಆಗಿಬಿಟ್ಟರೆ ಖುಷಿ ಪಡಿ: ಬೇರೆ ಯಾವ ಕಡೆಯಿಂದಲೂ ಹೆಚ್ಚು ಗಾಳಿ ಇಲ್ಲ, ತೊಂದರೆ ಐಡಲ್ ದಾರಿಯಲ್ಲೇ. ಆರಾಮಾಗಿ ಓಡ್ತಾ ಇದ್ರೆ ಚಿಟ್ಟೆ ಅಥವಾ ಲೀಕಿಗೆ ವಾಪಸ್ ಹೋಗಿ. ಪೈಪ್ ಬಿಚ್ಚಿಟ್ಟೇ ಸ್ಟಾರ್ಟ್ ಮಾಡೋಕೆ ಆಗಲ್ಲ. 1.6ರಲ್ಲಿ ಏರ್ ಫ್ಲೋ ಮೀಟರಿನ ಬಾಗಿಲು ತೆರೆಯದಿದ್ರೆ ಪೆಟ್ರೋಲ್ ಪಂಪೇ ನಿಲ್ಲುತ್ತೆ. ಪರೀಕ್ಷೆ ಮುಗಿದ ತಕ್ಷಣ ಟೇಪ್ ಕಿತ್ತು ಹಾಕಿ, ಮರೆತರೆ ಎಂಜಿನ್ ನುಂಗುತ್ತೆ.

ಕೂಲೆಂಟಿಗೂ ಐಡಲ್‌ಗೂ ಏನು ಸಂಬಂಧ?

ಮೇಲೆ ಹೇಳಿದ ಮೇಣ. ರೇಡಿಯೇಟರಿನಲ್ಲಿ ಕೂಲೆಂಟ್ ಕಡಿಮೆಯಾಗಿದ್ರೆ, ಇಲ್ಲಾ ಒಳಗೆ ಗಾಳಿ ಸೇರಿದ್ರೆ, ಐಎಸ್‌ಸಿಗೆ ಬಿಸಿ ನೀರು ತಲುಪಲ್ಲ. ಮೇಣ ತಣ್ಣಗೇ ಇರುತ್ತೆ, ದಾರಿ ತೆರೆದೇ ಇರುತ್ತೆ. ಕೂಲೆಂಟ್ ಬದಲಾಯಿಸಿದ ವಾರದಲ್ಲೇ ಐಡಲ್ ಏರಿದ್ರೆ ಬೇರೇನೂ ಯೋಚನೆ ಮಾಡಬೇಡಿ, ಇದೇ.

ಎಂಜಿನ್ ಬಿಸಿಯಾದಾಗ ಥ್ರಾಟಲ್ ಬಾಡಿ ಕೆಳಗಿನ ಎರಡು ಸಣ್ಣ ಕೂಲೆಂಟ್ ಹೋಸುಗಳನ್ನು ಹುಷಾರಾಗಿ ಮುಟ್ಟಿ. ಎರಡೂ ಬಿಸಿ ಇರಬೇಕು. ತಣ್ಣಗಿದ್ರೆ ಕಟ್ಟಿಕೊಂಡಿದೆ ಅಥವಾ ಗಾಳಿ ನಿಂತಿದೆ. ಗಾಳಿ ತೆಗೆಯೋಕೆ ಕಾರಿನ ಮೂತಿ ಎತ್ತರ ಮಾಡಿ ನಿಲ್ಲಿಸಿ. ಎಂಜಿನ್ ತಣ್ಣಗಿರುವಾಗಲೇ ರೇಡಿಯೇಟರ್ ಮುಚ್ಚಳ ತೆಗೆದು, ಹೀಟರ್ ಪೂರ್ತಿ ಬಿಸಿಗೆ ಇಟ್ಟು ಸ್ಟಾರ್ಟ್ ಮಾಡಿ. ಗುಳ್ಳೆ ನಿಲ್ಲುವವರೆಗೆ ಕೂಲೆಂಟ್ ಹಾಕ್ತಾ ಇರಿ. ಬಿಸಿ ರೇಡಿಯೇಟರಿನ ಮುಚ್ಚಳ ಮಾತ್ರ ಎಂದೂ ತೆಗೆಯಬೇಡಿ.

ಥರ್ಮೋಸ್ಟ್ಯಾಟ್ ತೆರೆದೇ ನಿಂತಿದ್ರೂ ಇದೇ ಕಥೆ. ಚಳಿಗಾಲದಲ್ಲಿ ಮುಳ್ಳು ಮಧ್ಯಕ್ಕೆ ಬರದೇ ಇದ್ರೆ ಅದನ್ನು ಬದಲಾಯಿಸಿ.

ಟೆಂಪರೇಚರ್ ಸೆನ್ಸರ್?

ಎರಡು ಇವೆ, ಗೊಂದಲ ಮಾಡಿಕೊಳ್ಳಬೇಡಿ. ಒಂದೇ ವೈರಿನದ್ದು ಡ್ಯಾಶ್‌ಬೋರ್ಡಿನ ಮುಳ್ಳಿಗೆ. ಎರಡು ಪಿನ್ನಿನದ್ದು ಇಸಿಯುಗೆ. ಮುಳ್ಳು ಸರಿಯಾಗಿದೆ ಅಂದ ಮಾತ್ರಕ್ಕೆ ಇಸಿಯುಗೆ ಸರಿಯಾದ ಸುದ್ದಿ ಹೋಗ್ತಿದೆ ಅಂತಲ್ಲ. ಎರಡು ಪಿನ್ನಿನ ಸೆನ್ಸರಿನಲ್ಲಿ 20 ಡಿಗ್ರಿಗೆ ಸುಮಾರು 2.2ರಿಂದ 2.7 ಕಿಲೋ ಓಮ್, 80 ಡಿಗ್ರಿಗೆ 0.29ರಿಂದ 0.35 ಕಿಲೋ ಓಮ್ ಬರಬೇಕು.

ಥ್ರಾಟಲ್ ಪೊಸಿಷನ್ ಸೆನ್ಸರ್ ಹೇಗೆ ಹೊಂದಿಸೋದು?

ಐಡಲ್ ಜಾಸ್ತಿ ಇದ್ದು, ಕುಣಿಯದೆ ಒಂದೇ ಕಡೆ ನಿಂತಿದ್ರೆ ಇದರ ಮೇಲೆ ಅನುಮಾನ ಪಡಿ. 1.6 ಮ್ಯಾನುವಲ್ ಕಾರಿನಲ್ಲಿ ಇದು ಬರೀ ಸ್ವಿಚ್. ಮುಚ್ಚಿದೆ ಅನ್ನುತ್ತೆ, ಪೂರ್ತಿ ತೆರೆದಿದೆ ಅನ್ನುತ್ತೆ, ಮಧ್ಯದ್ದು ಹೇಳಲ್ಲ. ಮುಚ್ಚಿದೆ ಅಂತ ಹೇಳದಿದ್ರೆ ಇಸಿಯು ಐಡಲ್ ನೋಡಿಕೊಳ್ಳೋ ಕೆಲಸಕ್ಕೇ ಇಳಿಯಲ್ಲ.

ಸ್ಟಾಪ್ ಸ್ಕ್ರೂಗೂ ಲಿವರಿಗೂ ಮಧ್ಯೆ 0.4 ಮಿಲಿಮೀಟರ್ ಫೀಲರ್ ಗೇಜ್, ಅಂದ್ರೆ ಸಂದಿ ಅಳೆಯುವ ತೆಳು ಲೋಹದ ಪಟ್ಟಿ, ಇಡಿ. ಐಡಲ್ ಪಿನ್ನಿಗೂ ಗ್ರೌಂಡ್ ಪಿನ್ನಿಗೂ ಮಲ್ಟಿಮೀಟರ್ ಬೀಪ್ ಅನ್ನಬೇಕು. 0.7 ಇಟ್ಟಾಗ ಬೀಪ್ ನಿಲ್ಲಬೇಕು. ಇಲ್ಲಾಂದ್ರೆ ಎರಡು ಸ್ಕ್ರೂ ಸಡಿಲ ಮಾಡಿ ಸೆನ್ಸರನ್ನೇ ಒಂಚೂರು ತಿರುಗಿಸಿ ಹೊಂದಿಸಿ. ಸ್ಟಾಪ್ ಸ್ಕ್ರೂ ಹಿಂದೆ ಯಾರೋ ತಿರುಗಿಸಿದ್ರೆ ಈ ಅಳತೆಗೆ ಅರ್ಥವೇ ಇರಲ್ಲ. ಅದನ್ನು ಮುಟ್ಟಬೇಡಿ ಅಂತ ಅಷ್ಟು ಹೇಳಿದ್ದು ಅದಕ್ಕೇ.

ಎಲ್ಲಾ ಸರಿ ಮಾಡಿದ್ದಾಯ್ತು. ಈಗ ಐಡಲ್ 850ಕ್ಕೆ ತರೋದು ಹೇಗೆ?

ಈಗ ಏರ್ ಸ್ಕ್ರೂ ಮುಟ್ಟಬಹುದು. ಎಂಜಿನ್ ಪೂರ್ತಿ ಬಿಸಿ ಇರಲಿ. ಎಸಿ, ಹೆಡ್‌ಲೈಟ್, ಬ್ಲೋಯರ್ ಎಲ್ಲಾ ಆಫ್. ರೇಡಿಯೇಟರ್ ಫ್ಯಾನ್ ತಿರುಗ್ತಿದ್ರೆ ನಿಲ್ಲುವವರೆಗೆ ಕಾಯಿರಿ. ಬಾನೆಟ್ ಒಳಗೆ ಡಯಾಗ್ನೋಸಿಸ್ ಅಂತ ಬರೆದ ಸಣ್ಣ ಡಬ್ಬಿ ಇದೆ. ಮುಚ್ಚಳದ ಒಳಗೆ ಪಿನ್ನುಗಳ ಹೆಸರಿರುತ್ತೆ. ಟಿಇಎನ್ ಮತ್ತು ಜಿಎನ್‌ಡಿ ಎರಡನ್ನೂ ಒಂದು ವೈರಿನ ತುಂಡಿನಿಂದ ಜೋಡಿಸಿ. ಹೀಗೆ ಮಾಡಿದ್ರೆ ಇಸಿಯು ಐಡಲ್ ಮತ್ತು ಟೈಮಿಂಗನ್ನು ತಾನಾಗಿ ಬದಲಾಯಿಸೋದು ನಿಲ್ಲಿಸುತ್ತೆ. ಈ ವೈರ್ ಇಲ್ಲದೆ ಸ್ಕ್ರೂ ತಿರುಗಿಸಿದ್ರೆ ನೀವು ಇಳಿಸಿದ್ದನ್ನು ಅದು ಏರಿಸ್ತಾ ಇರುತ್ತೆ.

ಮೊದಲು ಟೈಮಿಂಗ್ ಲೈಟ್ ಹಾಕಿ ನೋಡಿ. 10 ಡಿಗ್ರಿ ಇರಬೇಕು. ಕೆಲವರು ಚುರುಕು ಬರಲಿ ಅಂತ ಮುಂದೆ ಇಟ್ಟಿರ್ತಾರೆ, ಐಡಲ್ ಅದರಿಂದಲೂ ಏರುತ್ತೆ. ಆಮೇಲೆ ಏರ್ ಸ್ಕ್ರೂ. ಬಿಚ್ಚಿದ್ರೆ ಏರುತ್ತೆ, ಬಿಗಿದ್ರೆ ಇಳಿಯುತ್ತೆ. 850 ಬಂತಾ, ವೈರ್ ತೆಗೆದು ರಬ್ಬರ್ ಮುಚ್ಚಳ ಹಾಕಿ.

ಟೈಮಿಂಗ್ ಗುರುತು ಒಂದೇ ಕಡೆ ನಿಲ್ಲದೆ ಓಲಾಡ್ತಿದ್ರೆ ಅಲ್ಲಿಗೇ ನಿಲ್ಲಿಸಿ. 1990 ಮತ್ತು 1991ರ ಮೊದಮೊದಲ ಕಾರುಗಳಲ್ಲಿ ಕ್ರ್ಯಾಂಕಿನ, ಅಂದ್ರೆ ಎಂಜಿನ್ನಿನ ಮುಖ್ಯ ದಂಡದ, ಮೂತಿ ಗಿಡ್ಡ. ಅಲ್ಲಿ ಕೀಲಿ ಸವೆದು ಪುಲ್ಲಿ ಅಲ್ಲಾಡೋದುಂಟು. ಮುಂದಿನ ಪುಲ್ಲಿಯಲ್ಲಿ ನಾಲ್ಕು ಸೀಳು ಇದ್ರೆ ಗಿಡ್ಡ ಮೂತಿ, ಎಂಟಿದ್ರೆ ಉದ್ದದ್ದು. ಅಲ್ಲಾಡ್ತಿದ್ರೆ ಐಡಲ್ ವಿಷಯ ಪಕ್ಕಕ್ಕಿಟ್ಟು ಕ್ರ್ಯಾಂಕ್ ಗೊತ್ತಿರುವ ಮೆಕ್ಯಾನಿಕ್ ಹತ್ತಿರ ಹೋಗಿ.

ಚೆಕ್ ಎಂಜಿನ್ ಲೈಟ್ ಏನಾದ್ರೂ ಹೇಳುತ್ತಾ?

ಅಮೆರಿಕದ ಕಾರಿನಲ್ಲಿ ಅದೇ ಟಿಇಎನ್, ಜಿಎನ್‌ಡಿ ಜೋಡಿಸಿ, ಸ್ಟಾರ್ಟ್ ಮಾಡದೆ ಬರೀ ಕೀ ಆನ್ ಮಾಡಿ. ಉದ್ದ ಮಿಣುಕು ಹತ್ತರ ಲೆಕ್ಕ, ಗಿಡ್ಡ ಮಿಣುಕು ಒಂದರ ಲೆಕ್ಕ. 09 ಬಂದ್ರೆ ಕೂಲೆಂಟ್ ಸೆನ್ಸರ್, 34 ಬಂದ್ರೆ ಐಎಸ್‌ಸಿ. ಇದು ವೈರಿಂಗ್ ದೋಷ ಹೇಳುತ್ತೆ, ಒಡೆದ ಹೋಸಿನ ಸುದ್ದಿ ಹೇಳಲ್ಲ. ಕೋಡ್ ಬಂದಿಲ್ಲ ಅಂತ ನಿಶ್ಚಿಂತೆ ಬೇಡ.

ಸ್ಪಾರ್ಕ್ ಪ್ಲಗ್, ಆಕ್ಸಿಜನ್ ಸೆನ್ಸರ್ ಬದಲಾಯಿಸಲಾ?

ಹಳೆಯದಾಗಿದ್ರೆ ಬದಲಾಯಿಸಿ, ಎಂಜಿನ್ನಿಗೆ ಒಳ್ಳೆಯದು. ಐಡಲ್ ಇಳಿಯುತ್ತೆ ಅಂತ ಮಾತ್ರ ಬದಲಾಯಿಸಬೇಡಿ.

ಸರಿಯಾಗುವವರೆಗೆ ಹೀಗೇ ಓಡಿಸಬಹುದಾ?

ಬ್ರೇಕ್ ಬೂಸ್ಟರ್ ಚೆನ್ನಾಗಿದೆ, ಥ್ರಾಟಲ್ ಅಂಟಿಕೊಳ್ಳಲ್ಲ ಅಂತ ಖಾತ್ರಿ ಇದ್ರೆ ಮಾತ್ರ. ಈ ಎರಡರಲ್ಲಿ ಒಂದಕ್ಕೆ ಅನುಮಾನ ಇದ್ರೂ ಬೇಡ. ಕ್ಯಾಲಿಫೋರ್ನಿಯಾದಲ್ಲಿ ಇರುವವರು ಸ್ಮಾಗ್ ಟೆಸ್ಟಿಗೆ ಮುಂಚೆ ಸರಿ ಮಾಡಿಕೊಳ್ಳಿ. ಈ ವಯಸ್ಸಿನ ಕಾರಿಗೆ ಅಲ್ಲಿ ಸೈಲೆನ್ಸರಿನ ಹೊಗೆಯನ್ನೇ ಅಳೀತಾರೆ, ಬಾನೆಟ್ ತೆಗೆದು ಹೋಸುಗಳನ್ನೂ ನೋಡ್ತಾರೆ. ಲೀಕ್ ಹುಡುಕುವಾಗ ಬಿಚ್ಚಿದ್ದ ಹೋಸನ್ನು ವಾಪಸ್ ಹಾಕದೆ ಹೋದ್ರೆ ಅಲ್ಲೇ ಫೇಲ್.

ಈಗ ಐಡಲ್ 850 ಇದೆ. ಎಸಿ ಹಾಕಿದ ತಕ್ಷಣ ಮತ್ತೆ ಏರುತ್ತಲ್ಲ?

ಏರಬೇಕು. ಎಸಿ ಕಂಪ್ರೆಸರ್, ಹೆಡ್‌ಲೈಟ್, ಪವರ್ ಸ್ಟೀರಿಂಗ್ ಎಲ್ಲಾ ಎಂಜಿನ್ ಮೇಲೆ ಭಾರ ಹಾಕುತ್ತವೆ. ಅದಕ್ಕೆ ಇಸಿಯು ಸ್ವಲ್ಪ ಗಾಳಿ ಹೆಚ್ಚಿಗೆ ಬಿಡುತ್ತೆ. ಎಸಿ ಹಾಕಿದಾಗ ಏರದೆ ಎಂಜಿನ್ ಕುಸಿದು ನಡುಗಿದ್ರೆ ಐಎಸ್‌ಸಿ ಕೆಲಸ ಮಾಡ್ತಿಲ್ಲ. ಆಗ ಅದನ್ನು ಬಿಚ್ಚಿ ಕ್ಲೀನ್ ಮಾಡಿ, ಮತ್ತೆ ಕೂರಿಸುವಾಗ ಹೊಸ ಗ್ಯಾಸ್ಕೆಟ್ ಹಾಕಿ. ಹಳೆಯದನ್ನೇ ಹಾಕಿದ್ರೆ ಅಲ್ಲಿಂದಲೇ ಗಾಳಿ ಸೋರೋಕೆ ಶುರುವಾಗುತ್ತೆ.